ಗೂಡಿನ ದೀಪ, ಅಲಮಾರದ ಲೈಟು

ಹೋದ ವಾರ ನಮ್ಮ ನೆಗೆಣ್ಣಿ ಫೋನ್ ಮಾಡಿ, "ಅಲಮಾರದೊಳಗ ಲೈಟು ಹಾಕ್ಸೀಯಂತ, ವೈರಿಂಗ್ ಮಾಡಾವ ಎಷ್ಟು ತಗಂಡ?" ಅಂತ ಕೇಳಿದ್ಲು. ಯಾರೂ ತಗಂಡಿಲ್ಲ ಯವ್ವಾ, ನಾನೇ ಹಾಕೀನಿ ಅಂದೆ. ಹೆಂಗ ಅಂತ ಹೇಳಾಕ ಹೋದ್ರ ನಮ್ಮತ್ತಿ ಕಾಲದ ಮಾತೆಲ್ಲ ಹೊರಗ ಬಂದು ಅರ್ಧ ತಾಸು ಆತು. ಫೋನಿನಾಗ ಹೇಳಿದ್ದನ್ನ ಇಲ್ಲಿ ಬರ್ದೀನಿ.

ನಮ್ಮ ಚೋರನೂರು ಕಡಿ ಹಳೇ ಮಾಳಿಗಿ ಮನಿ ನೋಡಿದವರಿಗೆ ಗೊತ್ತಿರ್ತೈತಿ. ದಪ್ಪನ ಗೋಡಿ, ಮ್ಯಾಲ ಮಣ್ಣು, ನಡುಮನಿಗೆ ಒಂದು ಬೆಳಕಿಂಡಿ. ಗೋಡಿ ಅಷ್ಟು ದಪ್ಪ ಇದ್ದಿದ್ದಕ್ಕ ಅದರಾಗ ಗೂಡು ಬಿಡ್ತಿದ್ರು. ಬಾಗಿಲ ಪಕ್ಕದ ಸಣ್ಣ ಗೂಡು ದೀಪಕ್ಕ. ಒಳಗಿನ ದೊಡ್ಡ ಗೂಡು ಸಾಮಾನಿಗೆ: ಕುಂಕುಮದ ಭರಣಿ, ಬಾಚಣಿಕಿ, ಎಣ್ಣಿ ಬಾಟ್ಲಿ, ಕೂಸಿನ ಔಷಧ. ದೀಪದ ಗೂಡಿನ ಮ್ಯಾಲ ಮಸಿ ಹಿಡಿದು ಕರ್ರಗ ಆಗಿರ್ತಿತ್ತಲ್ಲ, ಎಷ್ಟು ಸಲ ಸುಣ್ಣ ಬಳಿದ್ರೂ ಮತ್ತ ಕಾಣಿಸ್ಕೊಳ್ಳೋದು. ಬೆಳಕೂ ಗೋಡ್ಯಾಗ, ಸಾಮಾನೂ ಗೋಡ್ಯಾಗ, ಆದ್ರ ಎರಡೂ ಒಂದೇ ಗೂಡಿನಾಗ ಇರ್ತಿರಲಿಲ್ಲ. ಕತ್ತಲಾದ ಮ್ಯಾಲ ಸಾಮಾನಿನ ಗೂಡಿಗೆ ಕೈ ಹಾಕಬ್ಯಾಡ್ರಿ ಅಂತ ಹಿರೇರು ಹೇಳ್ತಿದ್ರು, ಚೇಳಿಗೆ ಹೆದರಿ. ನಮ್ಮತ್ತಿ ಬಲಗೈ ನಡುಬೆರಳಿಗೆ ಹಂಗೇ ಕಡಿಸ್ಕೊಂಡವರು, ಮದುವಿಯಾಗಿ ಬಂದ ಮೊದಲ್ನೇ ಬ್ಯಾಸಗ್ಯಾಗ. ಹುಡುಕಿದ್ದು ಏನು? ಒಂದು ಸೂಜಿ.

ಟ್ರಂಕಿನ ಕತಿ ಇನ್ನೂ ಕಷ್ಟ. ರಾತ್ರಿ ಟ್ರಂಕು ತೆಗಿಯಾಕ ಇಬ್ರು ಬೇಕು, ಒಬ್ರು ಚಿಮಣಿ ಹಿಡಿಯಾಕ, ಒಬ್ರು ಹುಡುಕಾಕ. ಒಬ್ರೇ ಇದ್ರ ಚಿಮಣಿ ಹಿಂದ ನೆಲದ ಮ್ಯಾಲ ಇಡಬೇಕು, ಆಗ ನಮ್ಮ ನೆರಳೇ ಟ್ರಂಕಿನೊಳಗ ಬೀಳ್ತೈತಿ. ಹತ್ರ ತಂದ್ರ ಸೆರಗಿನ ಭಯ. ಸೀಮೆಎಣ್ಣಿ ಅಳೆದು ಸುಡೋ ಕಾಲ ಬ್ಯಾರೆ. ಅದಕ್ಕ ಬೇಕಾದ್ದನ್ನ ಹಗಲೇ ತೆಗೆದಿಟ್ಕೊಳ್ಳೋದು ರೂಢಿ ಆಗಿತ್ತು.

ಕರ್ನಾಟಕಕ್ಕ ಕರೆಂಟು ತಡವಾಗಿ ಬಂದದ್ದೇನಲ್ಲ. ಶಿವನಸಮುದ್ರದಾಗ 1902ರಾಗ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಒಯ್ದರು. 1905ರಾಗ ಬೆಂಗಳೂರಿನ ಬೀದಿಗೆ ದೀಪ ಬಂತು. ಮೊದಲು ಗಣಿ, ಆಮ್ಯಾಲ ಬೀದಿ. ನಮ್ಮ ಸಂಡೂರು ಆಗ ಘೋರ್ಪಡೆಯವರ ಸಣ್ಣ ಸಂಸ್ಥಾನ, ಮೈಸೂರಿನ ಕರೆಂಟಿಗೂ ನಮಗೂ ಸಂಬಂಧ ಇಲ್ಲ. 1949ರಾಗ ಸಂಸ್ಥಾನ ಮದ್ರಾಸಿಗೆ ಸೇರಿತು, 1953ರ ಅಕ್ಟೋಬರ್ 1ಕ್ಕ ಬಳ್ಳಾರಿ ಜಿಲ್ಲಾ ಮೈಸೂರು ರಾಜ್ಯಕ್ಕ ಬಂತು. ಅದೇ ಹೊತ್ತಿಗೆ ಹೊಸಪೇಟಿ ಹತ್ರ ತುಂಗಭದ್ರಾ ಅಣೆಕಟ್ಟು ಎದ್ದು ನಿಂತು, ಮುಂದ ಅಲ್ಲೂ ವಿದ್ಯುತ್ ತೆಗಿಯಾಕ ಹತ್ತಿದ್ರು. ಆದ್ರ ಕಂಬ ಊರಿಗೆ ಬಂದ್ರ ಮನಿಯೊಳಗ ಬಂದಂಗಲ್ಲ.

ಭಾಗ್ಯಜ್ಯೋತಿ ನೆನಪೈತೇನು? ಬಡವರ ಮನಿಗೆ ಸರಕಾರ ಕೊಟ್ಟ ಒಂದೇ ಬಲ್ಬು. ಇದ್ದ ಒಂದನ್ನ ಎಲ್ಲಿ ತೂಗು ಹಾಕ್ತಾರ? ಪಡಸಾಲ್ಯಾಗ. ಗಂಡಸ್ರು ಕೂಡ್ರೋದು ಅಲ್ಲಿ, ಹುಡುಗ್ರು ಓದೋದು ಅಲ್ಲಿ. ಅದು ತಪ್ಪಂತ ನಾನು ಹೇಳಲ್ಲ, ನಾನೂ ಅದೇ ಬೆಳಕಿನಾಗ ಓದೀನಿ. ಆದ್ರ ಅಡಗಿ ಮನಿಗೆ ಬೆಳಕು ಬಂದದ್ದು ಆಮ್ಯಾಲ, ಟ್ರಂಕಿದ್ದ ಒಳಕೋಣಿಗೆ ಅದಕ್ಕೂ ಆಮ್ಯಾಲ. ಹೆಂಗಸ್ರು ದಿನಾ ಕೈ ಹಾಕೋ ಜಾಗಕ್ಕ ಬೆಳಕಿನ ಪಾಳಿ ಕಟ್ಟಕಡಿಗೆ ಬಂತು.

ಅಷ್ಟೊತ್ತಿಗೆ ಟ್ರಂಕು ಹೋಗಿ ಅಲಮಾರ ಬಂದಿತ್ತು. ಈ ಮಾತೇ ಪೋರ್ಚುಗೀಸರದಂತ, ಅವರ 'ಆರ್ಮಾರಿಯೊ' ಊರೂರು ತಿರುಗಿ ನಮ್ಮ ಬಾಯಾಗ ಅಲಮಾರ ಆತು. ಗೋದ್ರೆಜ್‌ನವರು ಕಬ್ಬಿಣದ ಬೀರು ಮಾಡಾಕ ಹತ್ತಿದ್ದು 1923ರಾಗ, ನಮ್ಮ ಮದುವಿಗಳಿಗೆ ಅದು ಬಂದದ್ದು ಎಷ್ಟೋ ವರ್ಷಕ್ಕ. ಬೀರುಗೆ ಕನ್ನಡಿ ಐತಿ, ಕೀಲಿ ಐತಿ, ಒಳಗ ಗುಪ್ತ ಖಾನೆ ಐತಿ, ಲೈಟು ಮಾತ್ರ ಇಲ್ಲ. ಬಾಗಿಲು ತೆಗೆದ್ರ ತಾನೇ ಹತ್ತೋ ಲೈಟನ್ನ ನಾವು ಮೊದಲು ನೋಡಿದ್ದು ಫ್ರಿಜ್ಜಿನಾಗ. ಟೊಮೇಟಕ್ಕ ಸಿಕ್ಕ ಮರ್ಯಾದಿ ರೇಷ್ಮಿ ಸೀರಿಗೆ ಸಿಗಲಿಲ್ಲ ನೋಡ್ರಿ.

ಯಾಕಂದ್ರ ಹಳೇ ಬಲ್ಬು ಕರೆಂಟಿನ ನೂರಕ್ಕ 90ರ ಮ್ಯಾಲ ಬಿಸಿ ಮಾಡೇ ಕಳೀತಿತ್ತು. 40 ವ್ಯಾಟಿನದ್ದನ್ನ ಬಟ್ಟಿ ನಡುವ ಹಚ್ಚಿ ಬಾಗಿಲು ಹಾಕಿದ್ರ ಬೆಂಕಿ ಹಚ್ಚಿದಂಗ. ದಾರಿ ತೆಗೆದದ್ದು ಎಲ್‌ಇಡಿ. ನೀಲಿ ಎಲ್‌ಇಡಿ ಕಂಡುಹಿಡಿದ ಮೂವರಿಗೆ 2014ರಾಗ ನೊಬೆಲ್ ಬಂತು. ಆ ನೀಲಿ ಇಲ್ಲದಿದ್ರ ಈಗಿನ ಬಿಳಿ ಬೆಳಕಿಲ್ಲ. ಮರುವರ್ಷ 'ಹೊಸ ಬೆಳಕು' ಅಂತ 9 ವ್ಯಾಟಿನ ಬಲ್ಬು ಕಡಿಮಿ ರೇಟಿಗೆ ಕೊಟ್ರಲ್ಲ, ಅದೂ ಇದೇ ಜಾತಿ.

ನಾನು ಈ ಕೆಲಸಕ್ಕ ಕೈ ಹಾಕಿದ್ದು ಚಂದಕ್ಕಲ್ಲ. ಅತ್ತಿಯವರ ಗುಳಿಗಿ ಗೋಡಿ ಅಲಮಾರದಾಗ, ಸೀರಿ ಪಕ್ಕದಾಗ ಇರ್ತಾವು. ದೀಪಾವಳಿ ಮುಂದ ಒಂದಿನ ಬಿ.ಪಿ.ದು ಅಂತ ತಿಳಿದು ಶುಗರಿನ ಗುಳಿಗಿ ಎರಡನೇ ಸಲ ನುಂಗಿದ್ರು. ಮಧ್ಯಾಹ್ನ ಬೆವತು ಕೈ ನಡುಗಾಕ ಹತ್ತಿದ್ವು. ಸಕ್ರಿ ನೀರು ಕುಡಿಸಿ ದವಾಖಾನಿಗೆ ಓಡಿದ್ವಿ, ಉಳಿದ್ರು. "ಒಳಗ ಕಾಣಲಿಲ್ಲವ್ವಾ" ಅಂದ್ರು, ತಪ್ಪು ಮಾಡಿದವರಂಗ. ಕೋಣ್ಯಾಗ ಟ್ಯೂಬ್‌ಲೈಟು ಉರೀತಿತ್ತು, ಆದ್ರ ಅದು ಅವರ ಬೆನ್ನ ಹಿಂದ. ಮತ್ತದೇ ಟ್ರಂಕಿನ ನೆರಳು.

ತಂದದ್ದು ಇಷ್ಟು: 12 ವೋಲ್ಟಿನ ಎಲ್‌ಇಡಿ ಪಟ್ಟಿ ಮೂರು ಮೀಟರು, 2 ಆಂಪಿಯರಿನ ಅಡಾಪ್ಟರು, ಬಾಗಿಲು ಒತ್ತಿದ್ರ ಆರೋ ಸಣ್ಣ ಸ್ವಿಚ್ಚು. ನಾನು ತಂದ ಪಟ್ಟಿ ಮೀಟರಿಗೆ ಸುಮಾರು 5 ವ್ಯಾಟು, ಮೂರಕ್ಕ 15. ಅಡಾಪ್ಟರು 24 ಕೊಡ್ತೈತಿ, ಸಾಕು. ಪಟ್ಟೀನ ಕತ್ತರಿ ಗುರುತು ಇದ್ದಲ್ಲೇ ಕತ್ತರಿಸಬೇಕು. ಮೊದಲ ಸಲ ಹಿಂದಿನ ಗೋಡಿಗೆ ಅಂಟಿಸಿ ಕೆಟ್ಟೆ, ಸೀರಿ ಜೋಡಿಸಿದ ಕೂಡ್ಲೆ ಬೆಳಕು ಅವುಗಳ ಹಿಂದ ಮುಚ್ಚಿಹೋತು. ಮುಂದಿನ ಚೌಕಟ್ಟಿನ ಒಳಮೈಗೆ, ಒಳಗ ಮುಖ ಮಾಡಿ ಅಂಟಿಸ್ರಿ. ಅದೂ ಎರಡು ದಿನಕ್ಕ ಕಿತ್ತು ಬಂತು, ನಮ್ಮ ಕೆಂಪು ಧೂಳಿನ ಕಾಟ. ಅದಿರಿನ ಲಾರಿ ಓಡಾಡೋ ಸೀಮ್ಯಾಗ ಇರೋರಿಗೆ ಹೇಳೋದೇನೈತಿ. ಒಣ ಬಟ್ಟೀಲೆ ಒರಸಿ, ಸ್ಪಿರಿಟ್ ಹಚ್ಚಿ, ಪೂರ್ತಿ ಆರಿದ ಮ್ಯಾಲ ಅಂಟಿಸಿದೆ, ಈಗ ಗಟ್ಟಿ ಐತಿ. ಕಡಪ ಕಲ್ಲಿನ ಹಲಗಿಗೂ ಹಿಂಗೇ ಮಾಡ್ರಿ.

ಅಡಾಪ್ಟರು ಮಾತ್ರ ಅಲಮಾರದ ಹೊರಗೇ ಇರ್ಲಿ, ಬಟ್ಟಿ ನಡುವ ಬ್ಯಾಡ. ಅದರಿಂದ ಬರೋ ಕೆಂಪು ವೈರನ್ನ ಸ್ವಿಚ್ಚಿನ ಮೂಲಕ ದಾಟಿಸಿ ಪಟ್ಟಿಗೆ ಜೋಡಿಸಬೇಕು, ಕರೀದು ನೇರ ಹೋಗ್ತೈತಿ. ಬಾಗಿಲ ಸಂದಿನಾಗ ವೈರು ಚಪ್ಪಟಿ ಆಗದಂಗ ನೋಡ್ಕೊಳ್ರಿ. 12 ವೋಲ್ಟಿನ ಕಡಿ ಕೆಲಸ ನಾವು ಮಾಡಬಹುದು. ಗೋಡಿಗೆ ಹೊಸ ಪ್ಲಗ್ ಪಾಯಿಂಟು ಬೇಕಂದ್ರ ವೈರಿಂಗ್ ಕಲಿತವರನ್ನೇ ಕರೀರಿ, ಅಲ್ಲಿ ಧೈರ್ಯ ತೋರಿಸಬ್ಯಾಡ್ರಿ. ಕಬ್ಬಿಣದ ಬೀರು ಇದ್ದವರಿಗೆ ಇಷ್ಟೂ ಬೇಕಿಲ್ಲ. ಚಾರ್ಜ್ ಮಾಡೋ ಸೆನ್ಸಾರ್ ಲೈಟಿಗೆ ಅಯಸ್ಕಾಂತ ಇರ್ತೈತಿ, ಒಳಗ ಅಂಟಿಸಿದ್ರ ಮುಗೀತು. ಬಾಡಿಗಿ ಮನಿಗೂ ಅದೇ ಚಲೋ.

ಎಲ್ಲಾ ಸೇರಿ ಐದನೂರರ ಆಸುಪಾಸು ಆತು. ಅವತ್ತು ಸಂಜಿ ಅತ್ತಿ ನಾಲ್ಕೈದು ಸಲ ಬಾಗಿಲು ತೆಗೆದು ಮುಚ್ಚಿದ್ರು. ಗುಳಿಗಿ ಚೀಟಿ ಹಿಡಿದು ಹೆಸರು ಓದಿದ್ರು. ಆಮ್ಯಾಲ, "ಬಾಗಿಲು ಹಾಕಿದ ಮ್ಯಾಲ ಖರೇನ ಆರತೈತೇನ? ಒಳಗ ಉರಿಯಾಕ ಹತ್ತಿದ್ರ ಯಾರಿಗೆ ಗೊತ್ತಾಗ್ತೈತಿ?" ಅಂದ್ರು. ನಾನು ಮೊಬೈಲಿನಾಗ ವಿಡಿಯೊ ಹಚ್ಚಿ ಸೀರಿ ಮ್ಯಾಲ ಇಟ್ಟು ಬಾಗಿಲು ಹಾಕಿದೆ. ತೆಗೆದು ಇಬ್ರೂ ಕುಂತು ನೋಡಿದ್ವಿ: ಬೆಳಕು, ಟಕ್ ಅಂತ ಕತ್ತಲಿ, ಆ ಕತ್ತಲ್ಯಾಗ ಹೊರಗಿನಿಂದ ಅತ್ತಿ ದನಿ, "ಆರಿತೇನು?"