ಅಲ್ಲಾಹ್ (ಹೆಸರಿನ ಸ್ವರೂಪ)

ಅರಬ್ಬಿಯಲ್ಲಿ ಏಕದೇವನನ್ನು ಸೂಚಿಸುವ ಪದ. ಇದು ಬಿರುದೋ ಅಂಕಿತನಾಮವೋ ಎಂಬ ಚರ್ಚೆ ಹಳೆಯದು. ‘ಅಲ್’ ಎಂಬ ನಿರ್ದೇಶಕ ಪ್ರತ್ಯಯವು ‘ದೇವರು’ ಎಂಬರ್ಥದ ‘ಇಲಾಹ್’ ಜೊತೆ ಬೆಸೆದು ಇದು ಹುಟ್ಟಿತೆಂಬುದು ಬಹುಪಾಲು ವಿದ್ವಾಂಸರ ಮತ. ಬೇರೆ ಪದದಿಂದ ಹುಟ್ಟದ ಅಂಕಿತನಾಮವೆಂದ ವೈಯಾಕರಣರೂ ಉಂಟು. ‘ಇಲಾಹ್’ಗೆ ಬಹುವಚನವಿದೆ, ಅಲ್ಲಾಹ್‌ಗೆ ಇಲ್ಲ. ಇಸ್ಲಾಮಿಗಿಂತ ಮೊದಲೂ ಈ ಪದವಿತ್ತು: ಪ್ರವಾದಿ ಮುಹಮ್ಮದರ ತಂದೆಯ ಹೆಸರು ಅಬ್ದುಲ್ಲಾಹ್. ಅರಬ್ ಕ್ರೈಸ್ತರ ಬೈಬಲ್ಲಿನಲ್ಲೂ ಇದೇ ಪದ. ರಹಮಾನ್, ರಹೀಮ್ ಮೊದಲಾದ 99 ನಾಮಗಳು ಗುಣವಾಚಕಗಳಾಗಿ ಇದಕ್ಕೆ ಅಂಟಿಕೊಳ್ಳುತ್ತವೆ.

ಬಿರುದೋ ಹೆಸರೋ ಎಂಬ ಈ ಚರ್ಚೆಗೆ ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಒಳ್ಳೆಯ ಹೋಲಿಕೆ ಸಿಗುತ್ತದೆ. ಅಲ್ಲಿ ಮೊಹರಮ್‌ನಲ್ಲಿ ಕೂರಿಸುವ ಹಸ್ತಾಕಾರದ ಪಂಜಾಗಳನ್ನು ಹಿಂದೂಗಳೂ ಮುಸ್ಲಿಮರೂ ‘ದೇವರು’ ಎನ್ನುತ್ತಾರೆ, ಅಲ್ಲಾಹ್ ಎನ್ನುವುದಿಲ್ಲ. ‘ದೇವರು’ ಹಲವರಿಗೆ ಸಲ್ಲುವ ಪದವಿ, ಅಲ್ಲಾಹ್ ಒಬ್ಬನಿಗೇ ಮೀಸಲು. ಸವದತ್ತಿಯ ಗುಡ್ಡದಲ್ಲಿ ಪುರಾಣದ ರೇಣುಕೆಯನ್ನು ಭಕ್ತರು ಎಲ್ಲಮ್ಮನೆಂದೇ ಕೂಗುತ್ತಾರೆ. ‘ಅಮ್ಮ’ ಎಂಬ ಗೌರವಪದ ಅಲ್ಲಿ ಹೆಸರಿನ ಭಾಗವೇ ಆಗಿದೆ. ಹಾಗೆಯೇ ಅಲ್ಲಾಹ್ ಎಂಬುದು ಹುಟ್ಟಿನಲ್ಲಿ ಬಿರುದು, ಬಳಕೆಯಲ್ಲಿ ಹೆಸರು ಎನ್ನಬಹುದು. ಕನ್ನಡ ಕುರ್‌ಆನ್ ಅನುವಾದಗಳಲ್ಲೂ ಅದು ಹೆಸರಾಗಿಯೇ ಉಳಿದಿದೆ.