ಪುತ್ತೂರಿನ ಬಾಲವನ: ಗುರುವಿಲ್ಲದೆ ಕಲಿತವರ ಮನೆ

ಮಹನೀಯರು ಬಾಳಿದ ಮನೆಗಳನ್ನು ಕಾದಿಡುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದಲ್ಲ. ಊರ ದೇವಸ್ಥಾನದ ಜೀರ್ಣೋದ್ಧಾರವೆಂದರೆ ಮುಂಬಯಿಯಲ್ಲಿರುವ ನಾವೆಲ್ಲ ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಹೋಗುತ್ತೇವೆ. ಒಬ್ಬ ಲೇಖಕ ಉಂಡು, ಮಲಗಿ, ಬರೆದ ಮನೆಗೆ ಹಂಚು ಹೊದಿಸಬೇಕೆಂದರೆ ಅದು ಸರಕಾರದ ಕೆಲಸವೆಂದು ಸುಮ್ಮನಾಗುತ್ತೇವೆ. ಇಲ್ಲಿ ಗಾಮದೇವಿಯಲ್ಲಿ ಮಣಿಭವನವಿದೆ. 1917ರಿಂದ 1934ರವರೆಗೆ ಗಾಂಧೀಜಿ ಮುಂಬಯಿಗೆ ಬಂದಾಗಲೆಲ್ಲ ತಂಗುತ್ತಿದ್ದ ಮನೆ ಅದು. ಅಲ್ಲಿ ನನಗೆ ಇಷ್ಟವಾದ ಸಂಗತಿಯೆಂದರೆ, ದೊಡ್ಡ ದೊಡ್ಡ ಸತ್ಯಾಗ್ರಹಗಳ ಜೊತೆಗೆ ಹತ್ತಿ ಹಿಂಜುವುದನ್ನೂ ಗಾಂಧೀಜಿ ಆ ಮನೆಯಲ್ಲೇ ಕಲಿತರೆಂಬುದು. ಕಲಿಸಿದವನು ಆ ಬೀದಿಯಲ್ಲಿ ಹಾದುಹೋಗುತ್ತಿದ್ದ ಒಬ್ಬ ಹಿಂಜುವವನು. ಮನೆಯೊಂದು ಹೀಗೆ ಕಲಿಕೆಯ ಜಾಗವೂ ಆಗಿರುವುದುಂಟು.

ಅಂಥದೇ ಒಂದು ಮನೆ ನಮ್ಮ ದಕ್ಷಿಣ ಕನ್ನಡದಲ್ಲಿದೆ. ಮಂಗಳೂರಿನಿಂದ ಐವತ್ತು ಕಿಲೋಮೀಟರಿನಷ್ಟು ದೂರದ ಪುತ್ತೂರು, ಅಲ್ಲಿ ಪೇಟೆಯ ಗದ್ದಲದಿಂದ ತುಸು ಆಚೆಗೆ ಪರ್ಲಡ್ಕ. ಮರಗಳ ನಡುವಿನ ಆ ಜಾಗಕ್ಕೆ ಬಾಲವನವೆಂದು ಹೆಸರು. ಡಾ. ಶಿವರಾಮ ಕಾರಂತರು ತಮ್ಮ ಬದುಕಿನ ನಡುವಣ ದೀರ್ಘಕಾಲವನ್ನು ಕಳೆದ ಮನೆ ಇದು. ಮುಂಬಯಿಯಿಂದ ಧರ್ಮಸ್ಥಳ, ಸುಬ್ರಹ್ಮಣ್ಯಗಳಿಗೆ ಹೋಗುವ ನಮ್ಮ ಜನ ಪುತ್ತೂರನ್ನು ಹಾದೇ ಹೋಗುತ್ತಾರೆ, ಹೆಚ್ಚಿನವರು ಇಳಿಯುವುದಿಲ್ಲ.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಕುಂದಾಪುರದಲ್ಲಿ ಓದಿ, ಮಂಗಳೂರಿನ ಸರಕಾರಿ ಕಾಲೇಜು ಸೇರಿದ್ದರು. ಅಸಹಕಾರ ಚಳವಳಿಯ ಕರೆ ಬಂತು, ಕಾಲೇಜು ಬಿಟ್ಟರು. ಖಾದಿ, ಸ್ವದೇಶಿ ಎಂದು ಊರೂರು ತಿರುಗಿದರು, ‘ವಸಂತ’ ಎಂಬ ಮಾಸಪತ್ರಿಕೆ ನಡೆಸಿದರು. ಬಿಟ್ಟ ಕಾಲೇಜಿಗೆ ಮತ್ತೆ ಹೋಗಲಿಲ್ಲ. ಮುಂದೆ ಗೌರವ ಡಾಕ್ಟರೇಟುಗಳು ಬಂದವು, 1977ರ ಸಾಲಿನ ಜ್ಞಾನಪೀಠ ಬಂತು. ಪರೀಕ್ಷೆ ಬರೆದು ಪಡೆದ ಪದವಿ ಮಾತ್ರ ಒಂದೂ ಇಲ್ಲ. ಬಿ.ಎಸ್ಸಿ. ಪದವಿಯ ಬಲದಿಂದ ಕೇಂದ್ರ ಸರಕಾರದ ಕಚೇರಿಯಲ್ಲಿ ಗುಮಾಸ್ತನಾಗಿ ಕುಳಿತ ನನ್ನಂಥವನಿಗೆ ಇದು ಸಣ್ಣ ವಿಷಯವಲ್ಲ. ನಾನು ಕಾಲೇಜಿನಲ್ಲಿ ಓದಿದ ವಿಜ್ಞಾನ ಕಡತಗಳ ಕೆಳಗೆ ಎಂದೋ ಹೂತುಹೋಯಿತು. ಕಾಲೇಜನ್ನೇ ಮುಗಿಸದ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಒಬ್ಬರೇ ಬರೆದರು.

ಅವರು ಪುತ್ತೂರಿನಲ್ಲಿ ನೆಲೆಯೂರಲು ಊರೂ ಒಂದು ಕಾರಣ. ಆ ಕಾಲದ ಪುತ್ತೂರೆಂದರೆ ಮೊಳಹಳ್ಳಿ ಶಿವರಾಯರ ಪುತ್ತೂರು. ವಕೀಲರಾಗಿದ್ದ ಶಿವರಾಯರು ಜಿಲ್ಲೆಯಲ್ಲಿ ಸಹಕಾರ ಚಳವಳಿಯನ್ನು ಕಟ್ಟಿ ಬೆಳೆಸಿದವರು. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಹುಟ್ಟಿದ್ದು ಪುತ್ತೂರಿನಲ್ಲಿಯೇ. ಹೊಸ ಪ್ರಯತ್ನಗಳಿಗೆ ಹೆಗಲು ಕೊಡುವ ಇಂಥ ಹಿರಿಯರಿದ್ದ ಊರಿನಲ್ಲಿ, ಕೈಯಲ್ಲಿ ಕಾಸಿಲ್ಲದೆ ತಲೆಯ ತುಂಬ ಯೋಚನೆಗಳಿದ್ದ ಯುವಕನಿಗೆ ಒಂದಿಷ್ಟು ಜಾಗ ಸಿಕ್ಕಿತು. ಮಕ್ಕಳು ಹೆದರಿಕೆಯಿಲ್ಲದೆ ಕಲಿಯಬೇಕು, ಹಾಡಬೇಕು, ಕುಣಿಯಬೇಕು, ಚಿತ್ರ ಬರೆಯಬೇಕು ಎಂಬ ಪ್ರಯೋಗವಾಗಿ ಬಾಲವನ ಪ್ರಾರಂಭವಾಯಿತು. ಹೆಸರೇ ಹೇಳುವಂತೆ ಅದು ಮೊದಲು ಮಕ್ಕಳದು, ಆಮೇಲೆ ಕಾರಂತರದು.

1936ರಲ್ಲಿ ಕಾರಂತರು ಲೀಲಾ ಆಳ್ವರನ್ನು ಮದುವೆಯಾದರು. ಕೋಟ ಬ್ರಾಹ್ಮಣರ ಹುಡುಗ, ಬಂಟರ ಹುಡುಗಿ. ಅಂದಿನ ಜಿಲ್ಲೆ ಇದನ್ನು ಸುಮ್ಮನೆ ನುಂಗಿಕೊಳ್ಳಲಿಲ್ಲ, ಬಾಯಿಗೆ ಬಂದಂತೆ ಆಡಿತು. ಮುಂಬಯಿ ಕನ್ನಡಿಗರಾದ ನಮಗೆ ಹತ್ತಿರವಾಗುವ ಸಂಗತಿ ಇನ್ನೊಂದಿದೆ. ಲೀಲಾ ಅವರು ಓದಿದ್ದು ಮರಾಠಿಯಲ್ಲಿ; ಕನ್ನಡವನ್ನು ಸರಿಯಾಗಿ ಕಲಿತದ್ದು ಮದುವೆಯ ನಂತರ. ಮುಂದೆ ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿ ‘ಪಣ್ ಲಕ್ಷಾತ್ ಕೋಣ್ ಘೇತೋ’ ವನ್ನು ಕನ್ನಡಕ್ಕೆ ತಂದರು. ಮಕ್ಕಳು ಮರಾಠಿ ಶಾಲೆಗೋ ಇಂಗ್ಲಿಷ್ ಶಾಲೆಗೋ ಹೋಗುತ್ತಾರೆ, ಇನ್ನು ಕನ್ನಡ ಕಲಿಯುವುದೆಂತು ಎಂದು ನಮ್ಮ ಸಭೆಗಳಲ್ಲಿ ಕೇಳುವ ತಾಯ್ತಂದೆಯರು ಈ ಒಂದು ಉದಾಹರಣೆಯನ್ನು ಗಮನಿಸಬೇಕು. ಗಂಡನ ನೃತ್ಯಪ್ರಯೋಗಗಳಲ್ಲಿ ಜೊತೆಗೆ ಹೆಜ್ಜೆ ಹಾಕಿದವರೂ ಅವರೇ. ಬಾಲವನದ ಕಥೆಯಲ್ಲಿ ಅವರ ಪಾಲು ಅರ್ಧಕ್ಕೆ ಕಡಿಮೆಯಿಲ್ಲವೆಂದೇ ನನ್ನ ಎಣಿಕೆ.

ಈ ಆವರಣದಲ್ಲಿ ಏನೇನು ನಡೆಯಿತೆಂದು ಹೇಳಹೊರಟರೆ ಪಟ್ಟಿ ಬೆಳೆಯುತ್ತದೆ. ಅಲ್ಲೊಂದು ನಾಟ್ಯಶಾಲೆಯಿದೆ, ಗೀತನಾಟಕ, ನೃತ್ಯಗಳ ಪ್ರಯೋಗಗಳಿಗಾಗಿ ಕಟ್ಟಿದ್ದು. ಮಕ್ಕಳಿಗಾಗಿ ಬರೆದ ವಿಶ್ವಕೋಶ ‘ಬಾಲಪ್ರಪಂಚ’ 1936ರ ಹೊತ್ತಿಗೆ ಮೂರು ಸಂಪುಟಗಳಲ್ಲಿ ಹೊರಬಂತು. ಕನ್ನಡದಲ್ಲಿ ಅಂಥದೊಂದು ಅದಕ್ಕೆ ಮುಂಚೆ ಇರಲಿಲ್ಲ. ಪುತ್ತೂರಿನಲ್ಲಿ ‘ಹರ್ಷ’ ಎಂಬ ಹೆಸರಿನಲ್ಲಿ ಮುದ್ರಣ, ಪ್ರಕಟಣೆ ಎರಡನ್ನೂ ನಡೆಸಿದರು. ಅಚ್ಚಿನ ಕೆಲಸವನ್ನೂ ಮಾಡಿ ಮಾಡಿಯೇ ಕಲಿತರು. ಕಲಿತದ್ದಕ್ಕೆ ತೆತ್ತ ಶುಲ್ಕವೆಂಬಂತೆ ನಷ್ಟವನ್ನೂ ಅನುಭವಿಸಿದರು. 1930ರ ಸುಮಾರಿಗೆ ಮೂಕಿಚಿತ್ರ ತೆಗೆಯಲೂ ಹೊರಟಿದ್ದರು. ಚಿತ್ರ ಬರೆದರು, ಭಾರತೀಯ ಚಿತ್ರಕಲೆ, ವಾಸ್ತುಶಿಲ್ಪಗಳ ಮೇಲೆ ಗುಡಿಗುಡಿ ಅಲೆದು ಪುಸ್ತಕ ಬರೆದರು. ರೇಚಲ್ ಕಾರ್ಸನ್ನಳ ಸಮುದ್ರದ ಪುಸ್ತಕವನ್ನು ‘ನಮ್ಮ ಸುತ್ತಲಿನ ಕಡಲು’ ಎಂದು ಕನ್ನಡಕ್ಕೆ ತಂದರು. ಕಾದಂಬರಿಗಳು ನಲವತ್ತಕ್ಕೂ ಹೆಚ್ಚು. ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’, ‘ಬೆಟ್ಟದ ಜೀವ’, ‘ಮೂಕಜ್ಜಿಯ ಕನಸುಗಳು’ ಎಲ್ಲವೂ ಪುತ್ತೂರಿನ ವರ್ಷಗಳವು. ಇವುಗಳಲ್ಲಿ ‘ಮರಳಿ ಮಣ್ಣಿಗೆ’ಯನ್ನು ಮುಂಬಯಿ ಕನ್ನಡಿಗರು ಓದಲೇಬೇಕು. ಮೂರು ತಲೆಮಾರಿನ ಕಥೆ. ಮದರಾಸು, ಮುಂಬಯಿಗಳನ್ನು ಕಂಡು ಕಡಲಕರೆಯ ಹಳ್ಳಿಗೆ ಮರಳುವ ರಾಮ ಅದರ ಕೊನೆಯ ತಲೆಮಾರಿನವನು. ಮರಳದೆ ಇಲ್ಲೇ ಉಳಿದವರು ನಾವು. ಆ ಕಾದಂಬರಿ ಆ ಕಾರಣಕ್ಕೇ ನಮ್ಮನ್ನು ಹೆಚ್ಚು ಚುಚ್ಚುತ್ತದೆ.

ಕಾರಂತರನ್ನು ಸ್ವಯಂಶಿಕ್ಷಿತರೆಂದು ಕರೆಯುವಾಗ ಒಂದು ಮಾತು ಸೇರಿಸಬೇಕು. ಗುರುವಿಲ್ಲದೆ ಕಲಿತರೆಂದರೆ ಯಾರಿಂದಲೂ ಕಲಿಯಲಿಲ್ಲವೆಂದಲ್ಲ. ಯಕ್ಷಗಾನವನ್ನೇ ನೋಡಿ. ಕೋಟದ ಕಡೆಯವರಾದ ಅವರ ಕಿವಿಯಲ್ಲಿ ಇದ್ದದ್ದು ಬಡಗುತಿಟ್ಟು. ಬಾಳಿದ ಪುತ್ತೂರು ತೆಂಕುತಿಟ್ಟಿನ ನೆಲ. ಹಳೆಯ ಭಾಗವತರಲ್ಲಿಗೆ, ವೇಷಧಾರಿಗಳಲ್ಲಿಗೆ ಹೋಗಿ ಕುಳಿತರು. ಹಾಡಿಸಿ ಕೇಳಿದರು, ಹಳೆಯ ಪ್ರತಿಗಳನ್ನು ಹುಡುಕಿದರು, ವೇಷಭೂಷಣಗಳ ಹಳೆಯ ಕ್ರಮವೇನೆಂದು ವಿಚಾರಿಸಿದರು. ಈ ಶ್ರಮದಿಂದ ಬಂದ ಗ್ರಂಥ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರಕಿತು. ಅವರ ಗುರುಗಳಲ್ಲಿ ಬಹುಪಾಲು ಜನ ಶಾಲೆಯ ಮೆಟ್ಟಿಲು ಹತ್ತದವರೇ ಇದ್ದಿರಬೇಕು.

ಆಮೇಲೆ ಅವರು ಮಾಡಿದ್ದು ಎಲ್ಲರಿಗೂ ಹಿಡಿಸಲಿಲ್ಲ. ಇಡೀ ರಾತ್ರಿಯ ಆಟವನ್ನು ಎರಡು ಮೂರು ಗಂಟೆಗಳ ನೃತ್ಯರೂಪಕ್ಕೆ ಇಳಿಸಿದರು. ಮಾತುಗಾರಿಕೆಯನ್ನು ಬಿಟ್ಟರು. ಪಿಟೀಲು, ಸ್ಯಾಕ್ಸೊಫೋನುಗಳನ್ನು ಹಿಮ್ಮೇಳಕ್ಕೆ ಸೇರಿಸಿದರು. ಅರ್ಥಗಾರಿಕೆಯಿಲ್ಲದ ಮೇಲೆ ಅದೆಂಥ ಯಕ್ಷಗಾನ ಎಂದು ಕೇಳಿದವರ ಮಾತಿನಲ್ಲಿ ಹುರುಳಿದೆ. ಮಾತಿನ ಸವಾಲು ಜವಾಬುಗಳಿಗಾಗಿಯೇ ಆಟಕ್ಕೆ ಹೋಗುವ ನನಗೂ ಆ ಪ್ರಯೋಗ ಪೂರ್ತಿ ಒಪ್ಪಿಗೆಯಾಗದು. ಆದರೆ ಮಳೆಗಾಲದಲ್ಲಿ ಊರಿನ ಮೇಳಗಳ ಕಲಾವಿದರು ಮುಂಬಯಿಗೆ ಬಂದಾಗ ನಾವು ಮಾಡುವುದೇನು? ಸಂಜೆ ಐದಕ್ಕೆ ಚೌಕಿಪೂಜೆ, ಒಂಬತ್ತೂವರೆಗೆ ಮಂಗಳ. ವಿರಾರ್ ಗಾಡಿ ತಪ್ಪೀತೆಂದು ಪ್ರೇಕ್ಷಕರು ಗಡಿಯಾರ ನೋಡುತ್ತಾರೆ. ಸಂಘಟಕರು ಭಾಗವತರಿಗೆ ಕಣ್ಸನ್ನೆ ಮಾಡುತ್ತಾರೆ. ಕಾರಂತರು ಕಡಿದರೆಂದು ಗೊಣಗುವವರಲ್ಲಿ ದಹಿಸರ, ಬೊರಿವಲಿಗಳ ನಾವು ಸೇರದಿರುವುದೇ ಲೇಸು.

ಇನ್ನು ಮನೆಯ ವಿಚಾರ. ಎಪ್ಪತ್ತರ ದಶಕದಲ್ಲಿ ಕಾರಂತರು ಪುತ್ತೂರು ಬಿಟ್ಟು ಹುಟ್ಟೂರಿನ ಬಳಿಯ ಸಾಲಿಗ್ರಾಮಕ್ಕೆ ಹೋದರು. 1986ರಲ್ಲಿ ಲೀಲಾ ಅವರು ತೀರಿಕೊಂಡರು. ಕಾರಂತರು 1997ರ ಡಿಸೆಂಬರ್ 9ರವರೆಗೆ ಬದುಕಿದರು, 95ನೆಯ ವಯಸ್ಸಿನಲ್ಲೂ ಹಕ್ಕಿಗಳ ಮೇಲೆ ಪುಸ್ತಕ ಬರೆಯುತ್ತಿದ್ದರು. ಬಾಲವನ ಸರಕಾರದ ಕೈಗೆ ಬಂತು. ನಮ್ಮ ಕಡೆಯ ಹಂಚಿನ ಮನೆಯ ಹಣೆಬರಹ ಓದುಗರಿಗೆ ಗೊತ್ತಿರುವುದೇ. ಒಳಗೆ ಒಲೆ ಉರಿಯುತ್ತಿರುವಷ್ಟು ದಿನ ಮಾಡು ಗಟ್ಟಿ. ಬೀಗ ಬಿದ್ದ ಮೇಲೆ ಒಂದು ಹಂಚು ಜಾರುತ್ತದೆ, ಅಲ್ಲಿಂದ ನೀರು ಇಳಿಯುತ್ತದೆ, ಪಕ್ಕಾಸು ಕುಂಬಾಗುತ್ತದೆ, ರೀಪಿಗೆ ಒರಲೆ ಹತ್ತುತ್ತದೆ. ಎರಡು ಮೂರು ಮಳೆಗಾಲ ಯಾರೂ ಮೇಲೆ ಹತ್ತದಿದ್ದರೆ ಗೋಡೆಯ ಮಣ್ಣು ಬಾಯಿ ಬಿಡುತ್ತದೆ. ನಮ್ಮದೇ ಊರ ಮನೆಯ ಅಡುಗೆಕೋಣೆ ಹೀಗೆ ಹೋಯಿತು. ಯಾರು ದುರಸ್ತಿ ಮಾಡಬೇಕೆಂದು ದಾಯಾದಿಗಳ ನಡುವೆ ಪತ್ರವ್ಯವಹಾರ ಮುಗಿಯುವ ಮೊದಲೇ ಮಾಡು ಮುಗಿಯಿತು. ಕಾರಂತರ ಮನೆಯೂ ಇದೇ ದಾರಿ ಹಿಡಿದಿತ್ತು. ಅದು ಶಿಥಿಲವಾಗಿದೆಯೆಂದು ಪತ್ರಿಕೆಗಳಲ್ಲಿ ಓದುತ್ತಿದ್ದ ಕಾಲವೊಂದಿತ್ತು. ಪುಣ್ಯಕ್ಕೆ, ಕೆಡವಿ ಕಾಂಕ್ರೀಟು ಹಾಕುವ ಬುದ್ಧಿ ಯಾರಿಗೂ ಬರಲಿಲ್ಲ. ಈಚಿನ ವರ್ಷಗಳಲ್ಲಿ ಹಳೆಯ ರೂಪವನ್ನು ಉಳಿಸಿಕೊಂಡೇ ಅದನ್ನು ಸರಿಪಡಿಸಿದ್ದಾರೆ.

ಸರಿಪಡಿಸಿದ ಮನೆಯಲ್ಲಿ ಏನಿಡಬೇಕೆಂಬುದು ಇದಕ್ಕಿಂತ ಕಷ್ಟದ ಪ್ರಶ್ನೆ. ತೀರ್ಥಹಳ್ಳಿಯ ಕಡೆ ಕುಪ್ಪಳಿಯಲ್ಲಿ ಕುವೆಂಪು ಅವರ ಕವಿಮನೆಗೆ ಹೋದವರಿಗೆ ಗೊತ್ತು, ಅಲ್ಲಿ ಮನೆತನದ ಪಾತ್ರೆ ಪಡಗ, ಒರಳು, ತೊಟ್ಟಿಲುಗಳು ಒಂದು ಕಾಲವನ್ನೇ ಕಣ್ಣಮುಂದೆ ನಿಲ್ಲಿಸುತ್ತವೆ. ಅದು ಮಲೆನಾಡಿನ ದೊಡ್ಡ ತೊಟ್ಟಿಮನೆ. ಬಾಲವನ ಹಾಗಲ್ಲ. ಕಾರಂತರ ಆಸ್ತಿ ಪಾತ್ರೆ ಪಗಡಿಗಳಲ್ಲಿ ಇರಲಿಲ್ಲ. ಇಂದು ಒಂದನ್ನು ಹಿಡಿದು ನಾಳೆ ಇನ್ನೊಂದಕ್ಕೆ ಕೈಹಾಕುವ ಆ ತವಕವನ್ನು ಗಾಜಿನ ಪೆಟ್ಟಿಗೆಯಲ್ಲಿಡುವುದು ಹೇಗೆ? ಕನ್ನಡಕ, ಲೇಖನಿ, ಪ್ರಶಸ್ತಿಫಲಕಗಳನ್ನು ನೋಡಿ ಐದು ನಿಮಿಷದಲ್ಲಿ ಹೊರಬರಬಹುದು. ಅದರ ಬದಲು ನಾಟ್ಯಶಾಲೆಯಲ್ಲಿ ಮಕ್ಕಳು ನಾಟಕ ಆಡುವುದು, ಗ್ರಂಥಾಲಯದಲ್ಲಿ ಪುಸ್ತಕದ ಹಾಳೆ ಮಗುಚುವುದು, ರಜೆಯ ಶಿಬಿರಗಳಲ್ಲಿ ಬಣ್ಣ ಚೆಲ್ಲುವುದು, ಇವುಗಳಿಂದ ಆ ಮನುಷ್ಯನ ಪರಿಚಯ ಹೆಚ್ಚಾಗಿ ಆಗುತ್ತದೆ. ಈ ವಿಷಯದಲ್ಲಿ ಬಾಲವನ ತನ್ನ ಹೆಸರನ್ನು ಪೂರ್ತಿ ಮರೆತಿಲ್ಲ. ಆವರಣದಲ್ಲಿ ಮಕ್ಕಳ ಚಟುವಟಿಕೆಗಳು ನಡೆಯುತ್ತವೆ. ಅಕ್ಟೋಬರ್ 10ರಂದು ಕಾರಂತರ ಜನ್ಮದಿನಾಚರಣೆಯಾಗುತ್ತದೆ, ಬಾಲವನದ ಹೆಸರಿನಲ್ಲಿ ಪ್ರಶಸ್ತಿಯನ್ನೂ ಕೊಡುತ್ತಾರೆ. ಆದರೆ ಸಮಾರಂಭ ವರ್ಷಕ್ಕೊಂದು ದಿನ, ಹಂಚು ಸೋರುವುದು ನಾಲ್ಕು ತಿಂಗಳು. ಸರಕಾರಿ ಕಡತಗಳ ನಡೆಯನ್ನು ಬಲ್ಲವನಾಗಿ ಹೇಳುತ್ತೇನೆ: ನೋಡಲು ಜನ ಬರುತ್ತಿದ್ದರೆ ಮಾತ್ರ ದುರಸ್ತಿಯ ಹಣ ಮಂಜೂರಾಗುತ್ತದೆ. ಜನ ಬಾರದ ಕಟ್ಟಡದ ಕಡತ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಇನ್ನೊಂದು ಮಳೆಗಾಲ ಮುಗಿದಿರುತ್ತದೆ.

ಆದ್ದರಿಂದ ಎಲ್.ಟಿ.ಸಿ. ಪಡೆದೋ ಮೇ ತಿಂಗಳ ರಜೆಯಲ್ಲೋ ಊರಿಗೆ ಹೋಗುವವರು ಒಂದು ಅರ್ಧ ದಿನವನ್ನು ಇದಕ್ಕೆ ಎತ್ತಿಡಬೇಕೆಂದು ಕೇಳಿಕೊಳ್ಳುತ್ತೇನೆ. ಮಂಗಳೂರಿನಿಂದ ಪುತ್ತೂರಿಗೆ ಬಸ್ಸು ಬೇಕಾದಷ್ಟಿವೆ. ಸುಬ್ರಹ್ಮಣ್ಯದ ಕಡೆ ಹೋಗುವ ರೈಲಿನಲ್ಲಾದರೆ ಕಬಕ ಪುತ್ತೂರು ನಿಲ್ದಾಣದಲ್ಲಿ ಇಳಿಯಬೇಕು. ರಿಕ್ಷಾದವರಿಗೆ ಬಾಲವನವೆಂದರೆ ಸಾಕು. ಮಕ್ಕಳಿಗೆ ಹೋಗುವ ಮುನ್ನ ‘ಬೆಟ್ಟದ ಜೀವ’ದ ಕಥೆಯನ್ನಾದರೂ ಹೇಳಿರಿ, ಅದರ ಕಾಡು, ಬೆಟ್ಟಗಳು ಅದೇ ರಸ್ತೆಯಲ್ಲಿ ಮುಂದೆ ಸುಬ್ರಹ್ಮಣ್ಯದ ಕಡೆ ಸಿಗುತ್ತವೆ. ಹಿರಿಯರು ಮನೆಯನ್ನು ನಿಧಾನವಾಗಿ ನೋಡಬಹುದು. ಆವರಣದಲ್ಲಿ ನಂತರದ ದಿನಗಳಲ್ಲಿ ಕಟ್ಟಿದ ಈಜುಕೊಳವೊಂದಿದೆ. ಅದು ಕಣ್ಣಿಗೆ ಬಿದ್ದ ಮೇಲೆ ಮಕ್ಕಳನ್ನು ಅಲ್ಲಿಂದ ಹೊರಡಿಸುವುದು ಮಾತ್ರ ಸುಲಭವಲ್ಲ.