ಇಂಧನ ಯೋಜನೆಗಳಿಗೆ ಪರಿಸರ ಅನುಮತಿ: ಭಾರತದ ವ್ಯವಸ್ಥೆಯ ಲೋಪಗಳು

ಭಾರತದಲ್ಲಿ ದೊಡ್ಡ ಉಷ್ಣ ವಿದ್ಯುತ್ ಸ್ಥಾವರವಾಗಲಿ, ಜಲವಿದ್ಯುತ್ ಅಣೆಕಟ್ಟಾಗಲಿ, ಕೆಲಸ ಶುರುವಾಗುವ ಮುನ್ನ ಪರಿಸರ ಅನುಮತಿ ಪಡೆಯಬೇಕು. 1994ರ ಅಧಿಸೂಚನೆ ಇದನ್ನು ಕಡ್ಡಾಯ ಮಾಡಿತು. 2006ರ ಸೆಪ್ಟೆಂಬರ್ 14ರಂದು ಹೊಸದು ಅದರ ಜಾಗಕ್ಕೆ ಬಂತು. ಪರಿಣಾಮ ಅಧ್ಯಯನ, ಸಾರ್ವಜನಿಕ ಅಹವಾಲು ಸಭೆ, ತಜ್ಞರ ಸಮಿತಿಯ ಪರಿಶೀಲನೆ, ಆಮೇಲೆ ಅನುಮತಿ. ಕಾಗದದ ಮೇಲೆ ದಾರಿ ನೇರವಾಗಿಯೇ ಇದೆ.

ಎಡವಟ್ಟಿರುವುದು ಮೊದಲ ಹೆಜ್ಜೆಯಲ್ಲಿ. ಅಧ್ಯಯನ ಮಾಡುವ ಸಲಹಾ ಸಂಸ್ಥೆಯನ್ನು ಆರಿಸುವುದೂ ಅದಕ್ಕೆ ಹಣ ಕೊಡುವುದೂ ಅನುಮತಿ ಬೇಡುವ ಕಂಪನಿಯೇ. ಇದು ಎಲ್ಲಿಗೆ ಮುಟ್ಟಬಹುದೆಂಬುದು 2000ರಲ್ಲಿ ಉತ್ತರ ಕನ್ನಡದಲ್ಲಿ ಬಯಲಾಯಿತು. ದಾಂಡೇಲಿ ಬಳಿ ಕಾಳಿ ನದಿಗೆ 18 ಮೆಗಾವಾಟ್‌ನ ಕಿರು ಜಲವಿದ್ಯುತ್ ಯೋಜನೆಯೊಂದು ಹೊರಟಿತ್ತು. ಅದರ ವರದಿ ಬರೆದದ್ದು ಹೆಸರಾಂತ ಬಹುರಾಷ್ಟ್ರೀಯ ಸಂಸ್ಥೆ. ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಕೂತು ಹೋಲಿಸಿ ನೋಡಿದರೆ, ತಟ್ಟಿಹಳ್ಳ ಎಂಬ ಬೇರೆಯೇ ಯೋಜನೆಯ ವರದಿಯಿಂದ ಭಾಗಗಳನ್ನು ಯಥಾವತ್ತಾಗಿ ಎತ್ತಿ ಇಳಿಸಲಾಗಿತ್ತು! ಕೊನೆಗೆ ಇನ್ನೊಂದು ಸಂಸ್ಥೆಯಿಂದ ಹೊಸ ವರದಿ ಬರೆಸಬೇಕಾಯಿತು.

ವಿಪರ್ಯಾಸವೆಂದರೆ, 2006ರ ನಿಯಮದಡಿ ಅಷ್ಟು ಗಾತ್ರದ ಜಲವಿದ್ಯುತ್ ಯೋಜನೆಗೆ ಇಂಥ ವರದಿಯೇ ಬೇಕಿಲ್ಲ. ಆ ನಿಯಮ ಬಂದಾಗ 50 ಮೆಗಾವಾಟ್ ಮತ್ತು ಮೇಲಿನವು ಕೇಂದ್ರದ ಮುಂದೆ, 25ರಿಂದ 50ರೊಳಗಿನವು ರಾಜ್ಯ ಪ್ರಾಧಿಕಾರದ ಮುಂದೆ ಹೋಗಬೇಕಿತ್ತು. 25ಕ್ಕಿಂತ ಕಡಿಮೆಯಿದ್ದರೆ ವಿನಾಯಿತಿ. ಅರಣ್ಯ ಭೂಮಿ ಬೇಕಾದರೆ ಮಾತ್ರ ಅದಕ್ಕೆ ಪ್ರತ್ಯೇಕ ಅನುಮತಿ ತರಬೇಕು. ಪಶ್ಚಿಮ ಘಟ್ಟದ ಕಡತಗಳಲ್ಲಿ 24.75 ಮೆಗಾವಾಟ್ ಎಂಬ ಅಂಕಿ ಕಾಣಿಸಿಕೊಳ್ಳುವುದರ ಗುಟ್ಟು ಊಹಿಸುವುದು ಕಷ್ಟವೇನಲ್ಲ. ಕಿರು ಜಲವಿದ್ಯುತ್ತಿಗೆ ಸಿಗುವ ಪ್ರೋತ್ಸಾಹಧನದ ಮಿತಿಯೂ 25 ಮೆಗಾವಾಟ್ ಎಂಬುದನ್ನು ಮರೆಯುವಂತಿಲ್ಲ.

ಅಹವಾಲು ಸಭೆಯದು ಇನ್ನೊಂದು ಕಥೆ. ಪೂರ್ಣ ವರದಿ ಇಂಗ್ಲಿಷಿನಲ್ಲಿರುತ್ತದೆ, ಊರವರ ಭಾಷೆಯಲ್ಲಿ ಸಿಗುವುದು ಸಾರಾಂಶ ಮಾತ್ರ. ಜಮೀನು ಕಳೆದುಕೊಳ್ಳುವವರು ಮೂವತ್ತು ದಿನಗಳ ನೋಟಿಸಿನಲ್ಲಿ ಅದನ್ನೇ ಓದಿಕೊಂಡು ಬರಬೇಕು. 2020ರಲ್ಲಿ ಈ ನಿಯಮಗಳ ಹೊಸ ಕರಡು ಬಂದಾಗ, ಅದನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಿಗೆ ಅನುವಾದಿಸಿ ಎಂದು ದೆಹಲಿ ಹೈಕೋರ್ಟೇ ಹೇಳಬೇಕಾಯಿತು.

ಸಭೆಯನ್ನು ಹಾರಿಸಿದರೆ ಯೋಜನೆ ನಡೆಸುವವರಿಗೂ ನಷ್ಟವೇ. ಕೇರಳದ ಚಾಲಕ್ಕುಡಿ ನದಿಯ 163 ಮೆಗಾವಾಟ್‌ನ ಅತಿರಪ್ಪಿಳ್ಳಿ ಯೋಜನೆಗೆ 1998ರಲ್ಲಿ ಸಿಕ್ಕ ಅನುಮತಿ, ಜನರ ಅಹವಾಲು ಕೇಳಿಲ್ಲವೆಂದು 2001ರಲ್ಲಿ ಹೈಕೋರ್ಟಿನಲ್ಲಿ ಬಿತ್ತು. ಎರಡನೆಯ ಅನುಮತಿ 2006ರಲ್ಲಿ ರದ್ದಾಯಿತು. 2007ರಲ್ಲಿ ಮೂರನೆಯದೂ ಬಂತು. ಅಣೆಕಟ್ಟು ಮಾತ್ರ ಏಳಲಿಲ್ಲ.

ಒಂದೇ ನದಿಯ ಸಾಲು ಅಣೆಕಟ್ಟುಗಳನ್ನು ಬಿಡಿಬಿಡಿಯಾಗಿ ತೂಗುವುದು ಬಹುಶಃ ಎಲ್ಲಕ್ಕಿಂತ ದೊಡ್ಡ ಲೋಪ. 2013ರ ಜೂನ್‌ನ ಕೇದಾರನಾಥ ದುರಂತದ ಬಳಿಕ, ಆಗಸ್ಟ್‌ನಲ್ಲಿ, ಉತ್ತರಾಖಂಡದ ಜಲವಿದ್ಯುತ್ ಯೋಜನೆಗಳಿಗೆ ಹೊಸದಾಗಿ ಅನುಮತಿ ಕೊಡಬೇಡಿ ಎಂದ ಸುಪ್ರೀಂ ಕೋರ್ಟ್, ಅವುಗಳ ಒಟ್ಟು ಪರಿಣಾಮ ಅಳೆಯಲು ಸೂಚಿಸಿತು.

ಮೊದಲು ಕಟ್ಟಿ ಆಮೇಲೆ ಅನುಮತಿ ಕೇಳುವ ಚಾಳಿ ಇಂಧನ ಕ್ಷೇತ್ರದ್ದಷ್ಟೇ ಅಲ್ಲ. ಇಂಥ ಪೂರ್ವಾನ್ವಯ ಅನುಮತಿಯನ್ನು 2025ರ ಮೇ 16ರಂದು ಸುಪ್ರೀಂ ಕೋರ್ಟ್ ನಿಷೇಧಿಸಿತು. ನವೆಂಬರ್ 18ರಂದು ಮೂವರು ನ್ಯಾಯಮೂರ್ತಿಗಳ ಪೀಠ 2-1 ಬಹುಮತದಿಂದ ಆ ತೀರ್ಪನ್ನು ಹಿಂಪಡೆದು, ವಿಷಯವನ್ನು ಮರುವಿಚಾರಣೆಗೆ ಕಳಿಸಿತು.